ಚೈನ್ ಸಾ ಸೈಲೆನ್ಸರ್ ಮತ್ತು ಕಿವಿಯ ರಕ್ಷಣೆ

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಮರಗಸಿ ಮಾಡಲು, ಸಿಲ್ವರ್ ಓಕ್ ಕಡಿಯಲು, ಗಾಳಿಮಳೆಗೆ ಬಿದ್ದ ಮರಗಳನ್ನು ತುಂಡರಿಸಲು ಪೆಟ್ರೋಲಿನಿಂದ ನಡೆಯುವ ಚೈನ್ ಸಾ ಬಳಕೆಯಲ್ಲಿದೆ. ಈ ಯಂತ್ರದ ಶಕ್ತಿ ಹೆಚ್ಚಲೆಂದು ಸೈಲೆನ್ಸರಿಗೆ ಹೊಸ ತೂತು ಕೊರೆಸುವವರೂ, ಒಳಗಿನ ತಡೆ ತಗಡನ್ನು ತೆಗೆಸುವವರೂ ಇದ್ದಾರೆ. ಇದರಿಂದ ದೊರೆಯುವ ಲಾಭವೆಷ್ಟು, ತೆರಬೇಕಾದ ಬೆಲೆಯೇನು ಎಂಬುದನ್ನು ರೈತ ಬಾಂಧವರು ಮೊದಲೇ ತಿಳಿದಿರುವುದು ಒಳ್ಳೆಯದು.

ಕೊರೆದರೆ ಆಗುವುದೇನು?

ಚೈನ್ ಸಾದ ಟು ಸ್ಟ್ರೋಕ್ ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯು ಸೈಲೆನ್ಸರಿನೊಳಗೆ ಹಿಗ್ಗಿ, ತಗಡುಗಳಿಗೆ ಬಡಿದು, ವೇಗ ಕಳೆದುಕೊಂಡು ಸಣ್ಣ ಕಿಂಡಿಯಿಂದ ಹೊರಬರುತ್ತದೆ. ಸದ್ದು ತಗ್ಗುವುದು ಇದರಿಂದಲೇ. ಕಿಂಡಿಯನ್ನು ದೊಡ್ಡದು ಮಾಡಿದರೆ ಹೊಗೆ ಸರಾಗವಾಗಿ ಹೋಗಿ ಎಂಜಿನ್ನಿನ ಶಕ್ತಿ ಸ್ವಲ್ಪ ಹೆಚ್ಚುವುದು ನಿಜ. ಆದರೆ ಮಿತಿಮೀರಿ ತೆರೆದರೆ ಸಿಲಿಂಡರಿಗೆ ಬಂದ ಹೊಸ ಪೆಟ್ರೋಲ್ ಮಿಶ್ರಣವೂ ಉರಿಯದೆ ಹೊರಗೆ ಹೋಗಿ ನಷ್ಟವಾಗುತ್ತದೆ.

ಇನ್ನೊಂದು ತೊಂದರೆಯೂ ಇದೆ. ಹೊಗೆ ಸರಾಗವಾದಾಗ ಎಂಜಿನ್ ಹೆಚ್ಚು ಗಾಳಿ ಎಳೆದುಕೊಳ್ಳುತ್ತದೆ. ಕಾರ್ಬ್ಯುರೇಟರನ್ನು ಅದಕ್ಕೆ ತಕ್ಕಂತೆ ಹೊಂದಿಸದಿದ್ದರೆ ಗಾಳಿಯ ಪಾಲು ಹೆಚ್ಚಾಗಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಈ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಆದ್ದರಿಂದ ಎಂಜಿನ್ ಕಾದು, ಪಿಸ್ಟನ್ ಉಜ್ಜಿ, ಕೊನೆಗೆ ಹಿಡಿದುಕೊಳ್ಳುವ ಸಂಭವವಿದೆ. ಸೈಲೆನ್ಸರಿನ ಬಾಯಿಯಲ್ಲಿ ಕಿಡಿ ತಡೆಯುವ ಜಾಲರಿ ಇದ್ದು ಅದನ್ನೂ ತೆಗೆದುಹಾಕಿದರೆ, ಬೇಸಿಗೆಯಲ್ಲಿ ತರಗೆಲೆಗೆ ಬೆಂಕಿ ತಗಲುವ ಭಯ ಬೇರೆ.

ಸದ್ದಿನ ಲೆಕ್ಕ

ಸದ್ದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಈ ಲೆಕ್ಕ ಕೂಡುವ ಲೆಕ್ಕವಲ್ಲ, ಮಡಿಯ ಲೆಕ್ಕ. 3 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಬಡಿಯುವ ಶಬ್ದಶಕ್ತಿ ಎರಡರಷ್ಟಾಗುತ್ತದೆ, 10 ಹೆಚ್ಚಿದರೆ ಹತ್ತರಷ್ಟಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ, ರಕ್ಷಣೆಯಿಲ್ಲದ ಕಿವಿಯು ದಿನವೊಂದಕ್ಕೆ ಒಟ್ಟು ತಡೆಯಬಹುದಾದ ಅವಧಿ ಹೀಗಿದೆ:

85 ಡೆಸಿಬೆಲ್ – 8 ಗಂಟೆ
88 ಡೆಸಿಬೆಲ್ – 4 ಗಂಟೆ
91 ಡೆಸಿಬೆಲ್ – 2 ಗಂಟೆ
94 ಡೆಸಿಬೆಲ್ – 1 ಗಂಟೆ
97 ಡೆಸಿಬೆಲ್ – 30 ನಿಮಿಷ
100 ಡೆಸಿಬೆಲ್ – 15 ನಿಮಿಷ
103 ಡೆಸಿಬೆಲ್ – ಏಳೂವರೆ ನಿಮಿಷ
109 ಡೆಸಿಬೆಲ್ – 2 ನಿಮಿಷಕ್ಕಿಂತ ಕಡಿಮೆ

ಸೈಲೆನ್ಸರ್ ಸರಿಯಿರುವ ಚೈನ್ ಸಾ ಸಹ ಪೂರ್ಣ ವೇಗದಲ್ಲಿ ಓಡುವಾಗ, ಹಿಡಿದವರ ಕಿವಿಯ ಬಳಿ ಸಾಮಾನ್ಯವಾಗಿ 100 ಡೆಸಿಬೆಲ್ ದಾಟುತ್ತದೆ. ಉದಾಹರಣೆಗೆ, ಒಂದು ಯಂತ್ರದ ಸದ್ದು 103 ಡೆಸಿಬೆಲ್ ಇದೆಯೆನ್ನೋಣ. ಕಿವಿಗವಸು ತೊಟ್ಟಾಗ 15 ಡೆಸಿಬೆಲ್ ತಗ್ಗಿದರೆ ಕಿವಿಗೆ ಮುಟ್ಟುವುದು 88. ಅಂದರೆ 4 ಗಂಟೆ ಕೆಲಸ ಮಾಡಬಹುದು. ಅದೇ ಯಂತ್ರದ ಸೈಲೆನ್ಸರ್ ಕೊರೆಸಿ ಸದ್ದು 6 ಡೆಸಿಬೆಲ್ ಏರಿದರೆ, ಅದೇ ಕಿವಿಗವಸಿನೊಳಗೆ 94 ಮುಟ್ಟುತ್ತದೆ. ಆಗ ಉಳಿಯುವುದು 1 ಗಂಟೆ ಮಾತ್ರ. ಕೊಯ್ಯುವ ವೇಗದಲ್ಲಿ ಉಳಿಸಿದ ನಿಮಿಷಗಳಿಗಾಗಿ ಮೂರು ಗಂಟೆಗಳ ಸುರಕ್ಷಿತ ದುಡಿಮೆಯನ್ನು ಕಳೆದುಕೊಂಡಂತಾಯಿತು. ಹಗ್ಗ ಹಿಡಿದು ಪಕ್ಕದಲ್ಲಿ ನಿಂತ ಸಹಾಯಕನಿಗೆ ಕಿವಿಗವಸೇ ಇಲ್ಲದಿದ್ದರೆ ಅವನ ಪಾಡು ಇನ್ನೂ ಕಷ್ಟ.

ಕಿವಿಗೆ ಆಗುವ ಹಾನಿ

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಭಾಗವೊಂದಿದೆ. ಅದರಲ್ಲಿರುವ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಸದ್ದನ್ನು ನರಕ್ಕೆ ತಿಳಿಸುತ್ತವೆ. ಅತಿಯಾದ ಸದ್ದಿಗೆ ಇವು ಸಾಯುತ್ತವೆ. ಕತ್ತರಿಸಿದ ರೆಂಬೆ ಚಿಗುರುವಂತೆ ಇವು ಮತ್ತೆ ಚಿಗುರುವುದಿಲ್ಲ. ಔಷಧದಿಂದಾಗಲಿ ಶಸ್ತ್ರಚಿಕಿತ್ಸೆಯಿಂದಾಗಲಿ ಇವನ್ನು ಮರಳಿ ಪಡೆಯಲಾಗದು.

ಈ ಹಾನಿ ಮೊದಲು ಕಾಣಿಸುವುದು 4,000 ಹರ್ಟ್ಸ್ ಆಸುಪಾಸಿನ ಕೀರಲು ಧ್ವನಿಗಳಲ್ಲಿ. ಮಾತಿನಲ್ಲಿ ಸ, ಶ, ತ ಮೊದಲಾದ ವ್ಯಂಜನಗಳು ಮಸುಕಾಗುತ್ತವೆ. ಆದ್ದರಿಂದ ಇಂಥವರು ‘ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುತ್ತಾರೆ. ಮಕ್ಕಳ ಮಾತು, ಸಂತೆಯ ಗದ್ದಲದಲ್ಲಿ ಎದುರಿನವರ ಮಾತು ಅರ್ಥವಾಗುವುದು ಕಷ್ಟವಾಗುತ್ತದೆ. ನೋವಿಲ್ಲದ ಕಾರಣ ವರ್ಷಗಟ್ಟಲೆ ಗಮನಕ್ಕೆ ಬರುವುದಿಲ್ಲ. ಸಂಜೆ ಮನೆಗೆ ಬಂದ ಮೇಲೆ ಕಿವಿ ಗುಂಯ್‌ಗುಟ್ಟುವುದು, ಮುಚ್ಚಿಕೊಂಡಂತಾಗುವುದು ಮುನ್ಸೂಚನೆ. ಬೆಳಿಗ್ಗೆ ಸರಿಹೋಯಿತೆಂದು ಉದಾಸೀನ ಮಾಡಬಾರದು.

ಕೊರೆಯದೆಯೇ ವೇಗ ಹೆಚ್ಚಿಸುವ ವಿಧಾನ

ಚೈನ್ ಸಾ ನಿಧಾನವಾಗಲು ಅನೇಕ ವೇಳೆ ಕಾರಣ ಸೈಲೆನ್ಸರಿನ ವಿನ್ಯಾಸವಲ್ಲ, ಆರೈಕೆಯ ಕೊರತೆ. ಆದ್ದರಿಂದ ಮೊದಲು ಈ ಕ್ರಮಗಳನ್ನು ಅನುಸರಿಸಿರಿ.

1. ಕೊಯ್ಯುವಾಗ ದಪ್ಪ ಚಕ್ಕೆಯ ಬದಲು ನುಣ್ಣನೆಯ ಪುಡಿ ಬಿದ್ದರೆ ಚೈನು ಮೊಂಡಾಗಿದೆ ಎಂದರ್ಥ. ಸರಿಯಾದ ಅಳತೆಯ ದುಂಡು ಅರದಿಂದ ಎಲ್ಲ ಹಲ್ಲುಗಳನ್ನೂ ಒಂದೇ ಉದ್ದಕ್ಕೆ, ಒಂದೇ ಕೋನದಲ್ಲಿ ಮಸೆಯಿರಿ.

2. ಪ್ರತಿ ಹಲ್ಲಿನ ಮುಂದಿರುವ ಸಣ್ಣ ಉಬ್ಬು ಹಲ್ಲಿಗಿಂತ ಎಷ್ಟು ತಗ್ಗಿರಬೇಕೆಂಬುದನ್ನು ಚೈನಿನ ತಯಾರಕರು ತಿಳಿಸಿರುತ್ತಾರೆ. ಸಾಮಾನ್ಯ ಚೈನುಗಳಲ್ಲಿ ಇದು ಸುಮಾರು 0.65 ಮಿ.ಮೀ. ಇದಕ್ಕಿಂತ ಹೆಚ್ಚು ತಗ್ಗಿಸಿದರೆ ಯಂತ್ರ ಹಿಂದಕ್ಕೆ ಒದೆಯುವ ಅಪಾಯ ಹೆಚ್ಚುತ್ತದೆ.

3. ಏರ್ ಫಿಲ್ಟರನ್ನು ಕೆಲಸದ ದಿನಗಳಲ್ಲಿ ಪ್ರತಿನಿತ್ಯ ಶುಚಿ ಮಾಡಿರಿ.

4. ಕಿಡಿ ತಡೆಯುವ ಜಾಲರಿಗೆ ಮಸಿ ಕಟ್ಟಿದರೆ ಎಂಜಿನ್ ಸೊರಗುತ್ತದೆ. ಯಂತ್ರ ಆರಿದ ಮೇಲೆ ಜಾಲರಿಯನ್ನು ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ, ಮತ್ತೆ ಹಾಕಿರಿ.

5. ತಯಾರಕರು 1:50 ಮಿಶ್ರಣ ಹೇಳಿದ್ದರೆ 1 ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟು ಸ್ಟ್ರೋಕ್ ಎಣ್ಣೆ ಬೆರೆಸಿರಿ. ಅಂದಾಜಿನ ಮೇಲೆ ಸುರಿಯಬೇಡಿರಿ.

ಕಿವಿಯ ರಕ್ಷಣೆಗೆ ಸಲಹೆಗಳು

ಚೈನ್ ಸಾ ಹಿಡಿದವರೂ ಹತ್ತಿರವಿರುವ ಸಹಾಯಕರೂ ಕಿವಿಗವಸು ತೊಡಬೇಕು. ಕಿವಿಗೆ ಹತ್ತಿ ತುರುಕಿಕೊಂಡರೆ ಸಾಲದು. ಗವಸಿನ ಮೆತ್ತೆ ಬಿರಿದಿದ್ದರೆ ಬದಲಾಯಿಸಬೇಕು. ಮೆತ್ತೆಯ ಕೆಳಗೆ ಟವೆಲ್ಲು, ಟೋಪಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಗವಸು ತೊಟ್ಟಾಗ ಕೂಗು ಕೇಳಿಸದಾದ್ದರಿಂದ, ಮರ ಬೀಳುವ ಮುನ್ನ ತೋರುವ ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಬ್ಬರೇ ದಿನವಿಡೀ ಕೊಯ್ಯುವ ಬದಲು, ಪಳಗಿದ ಇಬ್ಬರು ಸರದಿಯಂತೆ ಕೊಯ್ಯುವುದು ಲೇಸು.

ಈಗಾಗಲೇ ಸೈಲೆನ್ಸರ್ ಕೊರೆಸಿದ್ದರೆ ಹೊಸದನ್ನು ಹಾಕಿಸಿ, ಕಾರ್ಬ್ಯುರೇಟರನ್ನು ನುರಿತ ಮೆಕ್ಯಾನಿಕ್ಕರಿಂದ ಮೊದಲಿನಂತೆ ಹೊಂದಿಸಿಕೊಳ್ಳಿರಿ. ವರ್ಷಗಳಿಂದ ಈ ಕೆಲಸದಲ್ಲಿರುವವರು ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಾಗಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ತೋಟದ ಮಾಲೀಕರು ಚೈನ್ ಸಾ ಕೊಳ್ಳುವಾಗಲೇ ಅದರ ವೆಚ್ಚದಲ್ಲಿ ಎರಡು ಜೊತೆ ಕಿವಿಗವಸಿನ ಬೆಲೆಯನ್ನೂ ಸೇರಿಸಿಕೊಳ್ಳಲಿ. ಕೆಟ್ಟ ಸೈಲೆನ್ಸರಿಗೆ ಬದಲಿ ಅಂಗಡಿಯಲ್ಲಿ ದೊರೆಯುತ್ತದೆ, ಕೂಲಿಯಾಳಿನ ಕಿವಿಗೆ ದೊರೆಯುವುದಿಲ್ಲ.