ಕಲ್ಲನ್ನು ಎತ್ತಿಕೊಳ್ಳುವ ಮೊದಲು

ಭೂವಿಜ್ಞಾನ ಓದಲು ಹೊರಟಿದ್ದೀಯ, ಮಗಳೇ. ಫೀಲ್ಡಿಗೆ ಹೋದಾಗ ಹೊಳೆದಂಡೆಯಲ್ಲಿ ದುಂಡಗಿನ ಕಲ್ಲು ಕಂಡೊಡನೆ ‘ಬಹುದೂರದಿಂದ ಉರುಳಿ ಬಂದದ್ದು’ ಅಂತ ಬರೆದುಬಿಡಬೇಡ. ಅದು ಯಾವ ಕಲ್ಲು ಅಂತ ಮೊದಲು ನೋಡು. ಸುಣ್ಣಕಲ್ಲಿನ ಮೂಲೆಗಳು ಬೇಗ ಸವೆಯುತ್ತವೆ, ಬೆಣಚುಕಲ್ಲು ಅಷ್ಟು ಬೇಗ ಬಗ್ಗುವುದಿಲ್ಲ. ಪದರಪದರವಾಗಿ ಸೀಳುವ ಶಿಸ್ಟ್ ಎಷ್ಟು ಸಾಗಿದರೂ ಚಪ್ಪಟೆಯೇ. ಅಂಚು ಮಾತ್ರ ನುಣುಪಾಗುತ್ತದೆ. ಒಟ್ಟು ಆಕಾರ ಬೇರೆ, ಅಂಚಿನ ಸವೆತ ಬೇರೆ ಎಂದು 1930ರ ದಶಕದಲ್ಲಿ ಭೂವಿಜ್ಞಾನಿ ಹಾಕನ್ ವಾಡೆಲ್ ಬಿಡಿಸಿ ತೋರಿಸಿದರು. ಪ್ರಯಾಣದ ಗುರುತನ್ನು ನೀನು ಅಂಚಿನಲ್ಲೇ ಹೆಚ್ಚು ಹುಡುಕಬೇಕು.

ಅದೂ ಸಾಲದು. ಹಂಪಿಯ ಗುಂಡುಬಂಡೆಗಳನ್ನು ತುಂಗಭದ್ರೆ ಉರುಳಿಸಿ ತಂದಿಲ್ಲ. ಗ್ರಾನೈಟಿನ ಬಿರುಕುಗಳಿಗೆ ನೀರಿಳಿಯಿತು. ಮೂಲೆಗಳಿಗೆ ಎಲ್ಲ ಕಡೆಯಿಂದಲೂ ಪೆಟ್ಟು ಬಿದ್ದು ಅವೇ ಮೊದಲು ಶಿಥಿಲವಾದವು. ಆ ಬಂಡೆಗಳು ಇದ್ದಲ್ಲೇ ದುಂಡಗಾದವು.

ಆದ್ದರಿಂದ ಕಲ್ಲಿನ ಜೊತೆಗೆ ಅದರ ಸುತ್ತಲನ್ನೂ ಓದು. ಒಡಿಶಾದ ತಾಲ್ಚೇರಿನಲ್ಲಿ ನುಣ್ಣನೆಯ ಹೂಳಿನ ನಡುವೆ ದೊಡ್ಡ ಬಂಡೆಗಳು ಹುದುಗಿವೆ. ಅಂಥ ಬಂಡೆಯನ್ನು ತರುವ ಪ್ರವಾಹ ಹೂಳನ್ನು ಅಲ್ಲಿ ಉಳಿಸುತ್ತಿರಲಿಲ್ಲ. ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಸಹೋದರರು ಮತ್ತು ಥಿಯೋಬಾಲ್ಡ್ ಇದನ್ನು ಕಂಡು, ಬಿಸಿಲಿನ ಈ ನಾಡಿನಲ್ಲಿ, 1856ರಷ್ಟು ಹಿಂದೆಯೇ, ಇದು ಹಿಮದ ಕೆಲಸವಿರಬೇಕು ಎಂದರು. ಆ ಧೈರ್ಯ ನನಗೆ ಈಗಲೂ ದೊಡ್ಡದಾಗಿ ಕಾಣುತ್ತದೆ. ಹಿಮನದಿ ಎಳೆದೊಯ್ದ ಕಲ್ಲಿನಲ್ಲಿ ಉಜ್ಜಿ ಚಪ್ಪಟೆಯಾದ ಮುಖಗಳೂ ಗೀರುಗಳೂ ಸಿಗಬಹುದು.

ಹೀಗೆ ಓದಿದರೆ ಬೇರೆ ಗ್ರಹದ ಕಲ್ಲೂ ಕಥೆ ಹೇಳುತ್ತದೆ. 2012ರಲ್ಲಿ ಮಂಗಳನ ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ನೌಕೆ ನುಣುಪಾದ ಸಣ್ಣ ಕಲ್ಲುಗಳ ಪದರವನ್ನು ಕಂಡಿತು. ಗಾಳಿ ಹೊತ್ತೊಯ್ಯಲಾರದಷ್ಟು ದಪ್ಪದವು. ಅದರಿಂದಲೇ ಅಲ್ಲಿ ಒಮ್ಮೆ ಹೊಳೆ ಹರಿದಿತ್ತು, ನೀರು ಪಾದದ ಗಂಟಿನಿಂದ ಸೊಂಟದವರೆಗೆ ಇದ್ದಿರಬೇಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು.

ಇನ್ನು ಕೈಕೆಲಸ. ಕಲ್ಲನ್ನು ಎತ್ತುವ ಮೊದಲು ಅದು ಬಿದ್ದಿರುವ ಬಗೆಯನ್ನು ಬರೆದುಕೋ. ಚಪ್ಪಟೆ ಕಲ್ಲುಗಳು ಹೆಂಚಿನಂತೆ ಒಂದರ ಮೇಲೊಂದು ಒರಗಿ, ನೀರು ಬಂದ ದಿಕ್ಕಿಗೆ ಇಳಿಜಾರಾಗಿರುತ್ತವೆ. ಎತ್ತಿಬಿಟ್ಟರೆ ಆ ಸಾಕ್ಷಿ ಹೋಯಿತು. ಚೆಂದದ ಕಲ್ಲನ್ನೇ ಆರಿಸಬೇಡ. ಹಗ್ಗ ಹಾಸಿ, ಅದರ ಕೆಳಗೆ ಸಮ ಅಂತರದಲ್ಲಿ ಸಿಕ್ಕಿದ್ದನ್ನೆಲ್ಲ ಅಳೆ. ದುಂಡು ಮೈಯಲ್ಲಿ ಒಂದೇ ಕಡೆ ಚೂಪಾದ ಒಡಕು ಕಂಡರೆ ಬೇರೆಯಾಗಿ ಗುರುತು ಹಾಕು. ಅದು ಯಾವುದೋ ಹಳೆಯ ದುಂಡುಗಲ್ಲಿನ ಪದರದಿಂದ ಕಿತ್ತುಬಂದು ಎರಡನೇ ಸಲ ಹೊರಟದ್ದಿರಬಹುದು. ಹೊಳೆಯ ಮೇಲಕ್ಕೆ ನಡೆದು ಆ ಪದರ ಎಲ್ಲಿದೆ ಅಂತ ಹುಡುಕು.