ಖೋ ಬಿದ್ದ ಮೇಲೆ ಏಳು

ತಮ್ಮಾ, ಹೈಸ್ಕೂಲು ಸೇರಿ ತಿಂಗಳು ತುಂಬಿಲ್ಲ, ಆಗಲೇ ಮುಖ ಊದಿಸಿಕೊಂಡು ಬಂದು ಕೂತೆ: "ಅಜ್ಜಾ, ನೇಸರಗಿ ಸಾಲ್ಯಾಗ ನನ್ನ ಜೋಡಿ ಯಾರೂ ಮಾತಾಡಂಗಿಲ್ಲ." ಅಲ್ಲೋ, ನೀನು ಯಾರ ಜೋಡಿ ಮಾತಾಡಿದಿ? ಬಸ್ಸಿನಲ್ಲಿ ಕಿಡಕಿ ಸೀಟು ಹಿಡಿದು ಹೊರಗೆ ನೋಡುತ್ತ ಹೋಗುತ್ತೀ. ವರ್ಗದಲ್ಲಿ ಕಡೇ ಬೆಂಚು. ಮನೆಗೆ ಬಂದವನೇ ಮೊಬೈಲು. ಗೆಳೆತನವೇನು ಕಿರಾಣಿ ಅಂಗಡಿಯಲ್ಲಿ ತೂಗಿ ಕೊಡುವ ಸಕ್ಕರೆಯೇ, ಹೋದ ಕೂಡಲೇ ಪೊಟ್ಟಣ ಕಟ್ಟಿ ಕೈಗಿಡಲು?

ನೀನು ಜಾಣ. ಆದರೆ ಅವಸರದವನು. "ನಾವಿಬ್ಬರೂ ಗೆಳೆಯರಾಗೋಣ" ಎಂದು ಎದುರುಬದುರು ಕೂತು ಯಾರೂ ಗೆಳೆಯರಾದದ್ದನ್ನು ನಾನಂತೂ ಕಂಡಿಲ್ಲ. ಕೂಡಿ ಒಂದು ಕೆಲಸಕ್ಕೆ ಕೈ ಹಚ್ಚಿದವರು ಅದರ ಗದ್ದಲದಲ್ಲೇ, ತಮಗೂ ತಿಳಿಯದಂತೆ, ಹತ್ತಿರವಾಗುತ್ತಾರೆ. ಕೆಲಸ ಸಣ್ಣದಿದ್ದಷ್ಟೂ ಚಲೋ. ದೊಡ್ಡದಾದರೆ ಹೆಸರು ಯಾರದು ಎಂಬ ಜಗಳ ಶುರುವಾಗುತ್ತದೆ.

ಬಿಸಿಯೂಟದ ಪಾಳಿಯಲ್ಲಿ ತಾಟು ಹಿಡಿದು ನಿಲ್ಲುತ್ತೀಯಲ್ಲ, ಊಟ ಹಾಕಿಸಿಕೊಂಡು ಗೋಡೆ ಕಡೆ ಮುಖ ಮಾಡಿ ಯಾಕೆ ಕೂಡುತ್ತೀ? ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಡಬ್ಬಿ ತೆಗೆ, ಮುಚ್ಚಳ ಬಿಚ್ಚಿ ನಡುವೆ ಇಡು. ನಿನ್ನ ಹೆಸರೂ ಕೇಳದೆ ಹುಡುಗರು ಸುತ್ತ ಬಂದು ಕೂಡುತ್ತಾರೆ. ಎರಡು ದಿನ ಬಿಟ್ಟು ದೇಶನೂರಿನವನು ಗುರೆಳ್ಳು ಹಿಂಡಿ ತರುತ್ತಾನೆ, ವಣ್ಣೂರಿನವನು ಉಪ್ಪಿನಕಾಯಿ. ಡಬ್ಬಿ ಇಷ್ಟು ಬೇಗ ಬರಿದಾಯಿತೇ ಎಂದು ಅವ್ವ ಬೈದರೆ ನನ್ನ ಹೆಸರು ಹೇಳು.

ಇನ್ನು ಸಂಜೆಯ ಆಟ. ಕ್ರಿಕೆಟ್ ಎಂದರೆ ನೀನು ಬಾಯಿ ಬಾಯಿ ಬಿಡುತ್ತೀ. ಅಲ್ಲಿ ಒಬ್ಬ ಬ್ಯಾಟು ಹಿಡಿದರೆ ಉಳಿದವರು ಬಿಸಿಲು ಕಾಯಬೇಕು. ಒಮ್ಮೆ ಖೋ ಖೋಕ್ಕೆ ಇಳಿದು ನೋಡು. ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಡುಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂಡಬೇಕು, ಒಬ್ಬ ಈ ಕಡೆ ಮುಖ ಮಾಡಿದರೆ ಬಾಜೂದವನು ಆ ಕಡೆ. ಒಂಬತ್ತನೆಯವನು ಬೆನ್ನಟ್ಟುತ್ತಾನೆ. ಅವನು ಹಿಂದಿನಿಂದ ಬಂದು ನಿನ್ನ ಬೆನ್ನು ಮುಟ್ಟಿ "ಖೋ" ಎನ್ನುವ ತನಕ ನೀನು ಏಳುವ ಹಾಗಿಲ್ಲ. ನಿನ್ನಂಥವರ ಪಾಡು ಅಲ್ಲಿ ನೋಡಬೇಕು. ಕೈ ತಾಗುವ ಮೊದಲೇ ಎದ್ದು ಫೌಲು!

ಎದ್ದ ಮೇಲೂ ಮನಸ್ಸಿಗೆ ಬಂದಂತೆ ಓಡಲಾಗದು. ಹಿಡಿದ ದಿಕ್ಕಿನಿಂದ ನಡುವೆ ಹಿಂದೆ ತಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ತಪ್ಪಿಸಿಕೊಳ್ಳುವವನು ಸರಕ್ಕನೆ ನುಸುಳಿ ಆಚೆ ಹೋದನೋ, ನಿನಗೆ ಆಚೆ ಮುಖ ಮಾಡಿ ಕೂತವನೇ ಗತಿ. ನಿನ್ನೆ ಅವನ ಜೋಡಿ ಜಗಳ ಆಡಿದ್ದರೂ ಅಷ್ಟೇ, ಅವನ ಬೆನ್ನಿಗೇ ಕೈ ಹಾಕಬೇಕು. ಅವನು ಎದ್ದ ಜಾಗದಲ್ಲಿ ನೀನು ತೆಪ್ಪಗೆ ಕೂಡಬೇಕು. ಅವನು ಔಟ್ ಮಾಡಿದಾಗ ಕುಣಿದಾಡುವವರಲ್ಲಿ ನೀನೂ ಒಬ್ಬ. ಇದೆಲ್ಲ ಹಳೇ ಆಟ ಎಂದು ಮೂಗು ಮುರಿಯಬೇಡ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯಿತು. ನಮ್ಮ ದೇಶದ ಹುಡುಗರೂ ಗೆದ್ದರು, ಹುಡುಗಿಯರೂ ಗೆದ್ದರು. ಆ ಹುಡುಗಿಯರಲ್ಲಿ ಮೈಸೂರು ಸೀಮೆಯ ಕುರುಬೂರಿನ ಬಿ. ಚೈತ್ರಾ ಇದ್ದಳು. ಅವಳದೂ ನಿನ್ನದರಂಥ ಹಳ್ಳಿಯೇ.

ಆಗಸ್ಟ್ 15 ಹತ್ತಿರ ಬಂದರೆ ಲೇಜಿಮು ಕಲಿಸುತ್ತಾರೆ. "ನನಗೆ ಕುಣಿಯಾಕ ಬರಂಗಿಲ್ಲ" ಎಂದು ಹಿಂದೆ ಸರಿಯುತ್ತೀಯೆಂದು ನನಗೆ ಗೊತ್ತು. ಯಾರಿಗೋ ಬರುತ್ತದೆ? ಮೊದಮೊದಲು ಎಲ್ಲರದೂ ಹೆಜ್ಜೆ ತಪ್ಪುತ್ತದೆ, ಬಾಜೂದವನ ಮೊಣಕೈಗೆ ದಂಡ ಬಡಿಯುತ್ತದೆ. ಅವನು ಬೈಯುತ್ತಾನೆ, ನೀನೂ ಬೈ. ಬೈದಾಡಿಕೊಳ್ಳುವಷ್ಟು ಸಲಿಗೆ ಬಂತೆಂದರೆ ಅಕ್ಟೋಬರ್ 23ರ ಕಿತ್ತೂರು ಉತ್ಸವಕ್ಕೆ ಹೋಗಲು ಜೋಡಿ ಹುಡುಕುವ ಪ್ರಮೇಯವಿಲ್ಲ. 1824ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಪಡೆ ಬ್ರಿಟಿಷರ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ್ದು ಅದೇ ದಿನ. ಕೋಟೆಯನ್ನು ಒಬ್ಬನೇ ಸುತ್ತಿ ಬರುವ ಊರೇ ಅದು?

ಎರಡು ಮಾತು ಖಾರವಾಗಿಯೇ ಹೇಳುತ್ತೇನೆ. ಹೋದ ದಿನವೇ ಕ್ಯಾಪ್ಟನ್ ಆಗಲು ಹೋಗಬೇಡ. ಉಳಿದವರು ಆಡುವಾಗ ಪಕ್ಕದಲ್ಲಿ ನಿಂತು ವಿಡಿಯೊ ಮಾಡುತ್ತ ಕೂಡಬೇಡ. ಮತ್ತೆ, ನಾಲ್ಕು ಜನ ಗೆಳೆಯರಾದರೆಂದು ನಿಮ್ಮ ಓಣಿಯವರದೇ ಗುಂಪು ಕಟ್ಟಿ ಬಾಗಿಲು ಹಾಕಿಕೊಂಡೆಯೋ, ನನ್ನ ಕೋಲು ಎಲ್ಲಿದೆ ಎಂದು ನಿನಗೆ ಗೊತ್ತು. ಓಡಲು ಬಾರದ ಒಬ್ಬ ಗಿಡದ ಕೆಳಗೆ ಚಪ್ಪಲಿ ಕಾಯುತ್ತ ಕೂತಿರುತ್ತಾನೆ. ಅವನನ್ನು ಕರೆದು ಗೆರೆಯ ಮೇಲೆ ಕೂಡಿಸು. ಖೋ ಖೋದಲ್ಲಿ ಕೂಡುವವರೂ ಬೇಕಲ್ಲ.

ನಾಳೆ ಸಂಜೆ ಅಂಗಳಕ್ಕೆ ಸುಣ್ಣದ ಗೆರೆ ಎಳೆಯುವುದಿದೆ ಎಂದೆಯಲ್ಲ? ಹಗ್ಗದ ಈ ತುದಿ ನೀನು ಹಿಡಿ, ಆ ತುದಿಗೆ ಯಾರನ್ನಾದರೂ ಕರೆ. ಮತ್ತೆ ಆ ಹೊಸ ಪ್ಯಾಂಟು ಹಾಕಿಕೊಂಡು ಹೋಗಬೇಡ, ಸುಣ್ಣದ ಕಲೆ ಹೋಗುವುದಿಲ್ಲ ಎಂದು ಅವ್ವ ಆಮೇಲೆ ನನಗೆ ಜೋರು ಮಾಡುತ್ತಾಳೆ.