ಮೈನಿಂಗ್ ಹಚ್ಚುವ ಮೊದಲು

ತಮ್ಮಾ, ಭೋಸರಿ ಎಂಐಡಿಸಿಯಲ್ಲಿ ಮೋಟಾರು, ಪ್ಯಾನೆಲ್ ಬೋರ್ಡುಗಳ ಮೇಂಟೆನೆನ್ಸ್ ಮಾಡಿಯೇ ನಿನ್ನ ಈ ಮಾವ ಸಂಸಾರ ನಡೆಸಿದ್ದು. ಥೇರಗಾಂವದ ನಿನ್ನ ಮನೆಯಲ್ಲಿ ಕಂಪ್ಯೂಟರಿಗೆ ಕ್ರಿಪ್ಟೊ ಮೈನಿಂಗ್ ಹಚ್ಚಿದ್ದೀ, ಪ್ರೊಸೆಸರ್ 90 ಡಿಗ್ರಿ ದಾಟುತ್ತಿದೆ ಅಂದಿಯಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾಣ್ಯದ ಬೆಲೆ ಏರುತ್ತದೋ ಇಳಿಯುತ್ತದೋ ನಾನು ಹೇಳಲಾರೆ. ಹಗಲೂ ರಾತ್ರಿ ಓಡುವ ಯಂತ್ರದ ಬಿಸಿ ಮಾತ್ರ ನನಗೆ ಚೆನ್ನಾಗಿ ಗೊತ್ತು.

• ಮೊದಲು ಯಾವ ನಾಣ್ಯ ಅನ್ನುವುದನ್ನು ನೋಡು. ಬಿಟ್‌ಕಾಯಿನಿಗೆಂದೇ ಮಾಡಿದ ಏಸಿಕ್ ಯಂತ್ರಗಳು 2013ರಿಂದಲೇ ಬಂದಿವೆ, ಅವುಗಳ ಮುಂದೆ ಮನೆಯ ಪ್ರೊಸೆಸರಿಗೆ ಏನೂ ಗಿಟ್ಟುವುದಿಲ್ಲ. ಈಥೀರಿಯಂ 2022ರ ಸೆಪ್ಟೆಂಬರ್ 15ರಂದು ಮೈನಿಂಗನ್ನೇ ಕೈಬಿಟ್ಟಿತು. ಸಾಧಾರಣ ಪ್ರೊಸೆಸರಿಗೆ ಉಳಿದದ್ದರಲ್ಲಿ ಮುಖ್ಯವಾದದ್ದು ಮೊನೆರೊ. 2019ರ ನವೆಂಬರ್‌ನಿಂದ ಅದು ಬಳಸುವ ರ‍್ಯಾಂಡಮ್‌ಎಕ್ಸ್ ವಿಧಾನವನ್ನು ಇಂಥ ಪ್ರೊಸೆಸರುಗಳಿಗಾಗಿಯೇ ರೂಪಿಸಿದ್ದಾರೆ. ಬಿಟ್‌ಕಾಯಿನಿಗಾಗಿ ಕಾಯಿಸುತ್ತಿದ್ದರೆ ಇವತ್ತೇ ನಿಲ್ಲಿಸು.

• ಚಿಪ್ಪಿನ ಬಿಸಿಯ ಪಕ್ಕದಲ್ಲಿ ಕೋಣೆಯ ಬಿಸಿಯನ್ನೂ ಬರೆದಿಡು. ಡಿಸೆಂಬರಿನಲ್ಲಿ ಕೋಣೆ 20 ಡಿಗ್ರಿ ಇದ್ದಾಗ ಪ್ರೊಸೆಸರ್ 68 ತೋರಿಸಿದರೆ ಅಂತರ 48. ಏಪ್ರಿಲ್ ಮಧ್ಯಾಹ್ನ ಕೋಣೆ 36ಕ್ಕೆ ಏರಿದಾಗ ಅದೇ ಯಂತ್ರ ಹೆಚ್ಚುಕಡಿಮೆ 84 ತೋರಿಸುತ್ತದೆ. ಆಗ ಯಂತ್ರ ಕೆಟ್ಟಿಲ್ಲ, ಬೇಸಿಗೆ ಬಂದಿದೆ ಅಷ್ಟೇ. ಆ ಅಂತರವೇ 60 ಆದರೆ ಮಾತ್ರ ಧೂಳು, ಫ್ಯಾನು, ಚಿಪ್ಪಿಗೂ ಕೂಲರಿಗೂ ನಡುವಿನ ಥರ್ಮಲ್ ಪೇಸ್ಟು ಅಂತ ಹುಡುಕಬೇಕು. ಈ ಒಂದು ಲೆಕ್ಕ ಇಟ್ಟುಕೊಂಡರೆ ಅರ್ಧ ಗಾಬರಿ ತಪ್ಪುತ್ತದೆ.

• ಪ್ರೊಸೆಸರ್ ಸುಟ್ಟೀತು ಅಂತ ಹೆದರಬೇಡ. 95ರಿಂದ 100 ಡಿಗ್ರಿಯ ಹತ್ತಿರ ಅದು ತಾನಾಗಿ ವೇಗ ಇಳಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಅದರ ಸುತ್ತ ಇರುವವಕ್ಕೆ ಆ ಬುದ್ಧಿ ಇಲ್ಲ. ಮೋಟಾರಿನ ವೈಂಡಿಂಗ್ ಹತ್ತು ಡಿಗ್ರಿ ಹೆಚ್ಚು ಕಾದರೆ ಅದರ ಇನ್ಸುಲೇಶನ್ ಆಯುಷ್ಯ ಅರ್ಧಕ್ಕಿಳಿಯುತ್ತದೆ ಅನ್ನುವುದು ನಮ್ಮ ಕಸುಬಿನ ಹಳೆಯ ಲೆಕ್ಕ. ಪವರ್ ಸಪ್ಲೈಯಲ್ಲೂ ಎಷ್ಟೋ ಮದರ್‌ಬೋರ್ಡುಗಳಲ್ಲೂ ಇರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಿಗೂ ಇದೇ ಲೆಕ್ಕ. ಪ್ರೊಸೆಸರಿಗೆ ಕರೆಂಟು ಕೊಡುವ ಭಾಗ ತಿಂಗಳುಗಟ್ಟಲೆ ಬೇಯುತ್ತದೆ, ಒಂದು ದಿನ ಬೋರ್ಡೇ ಏಳುವುದಿಲ್ಲ. ಗೇಮ್ ಆಡಿ ಒಂದು ತಾಸಿಗೆ ಮುಚ್ಚುವ ಯಂತ್ರ 90 ಕಂಡರೆ ನಾನು ಏನೂ ಅನ್ನುವುದಿಲ್ಲ. ರಾತ್ರಿಯಿಡೀ ಓಡುವುದಕ್ಕೆ ನಾನು ಹಾಕುವ ಗೆರೆ 75, ಬೇಸಿಗೆಯಲ್ಲಿ 80. ಅದರ ಮೇಲೆ ಹೋದರೆ ಕೆಲಸ ಕಡಿಮೆ ಮಾಡು.

• ಕೂಲರ್ ಕೊಳ್ಳುವ ಮೊದಲು ವ್ಯಾಟ್ ಇಳಿಸು. ಎಎಂಡಿಯ ಎಎಂ4 ಬೋರ್ಡಿನಲ್ಲಿ 105 ವ್ಯಾಟ್ ಅಂತ ಬರೆದ ರೈಜನ್, ಪೂರ್ತಿ ದುಡಿಯುವಾಗ 142 ವ್ಯಾಟಿನವರೆಗೂ ಎಳೆಯುತ್ತದೆ. ಬಯಾಸಿನಲ್ಲಿ 65 ವ್ಯಾಟಿನ ಇಕೊ ಮೋಡ್ ಹಾಕಿದರೆ 88ಕ್ಕೆ ನಿಲ್ಲುತ್ತದೆ. ಇಂಟೆಲ್ ಆದರೆ ಪಿಎಲ್1, ಪಿಎಲ್2 ಎಂಬ ವಿದ್ಯುತ್ ಮಿತಿಗಳನ್ನು ಇಳಿಸು. ಬಯಾಸ್ ಮುಟ್ಟಲು ಅಂಜಿಕೆಯಾದರೆ ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 99 ಶೇಕಡಾ ಮಾಡು, ಸಾಮಾನ್ಯವಾಗಿ ಟರ್ಬೊ ವೇಗ ಅಲ್ಲಿಗೆ ನಿಲ್ಲುತ್ತದೆ. ಕೊನೆಯ ಸ್ವಲ್ಪ ವೇಗಕ್ಕಾಗಿ ವೋಲ್ಟೇಜ್ ಏರಬೇಕು, ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗದಂತೆ ಏರುತ್ತದೆ. ಆದ್ದರಿಂದ ನೀನು ಬಿಟ್ಟುಕೊಡುವ ಮೈನಿಂಗ್ ವೇಗ ಕಡಿಮೆ, ಉಳಿಯುವ ಬಿಸಿ ಹೆಚ್ಚು.

• ಎಲ್ಲ ಥ್ರೆಡ್ಡುಗಳನ್ನೂ ದುಡಿಸಬೇಡ. ರ‍್ಯಾಂಡಮ್‌ಎಕ್ಸ್‌ಗೆ ಪ್ರತಿ ಥ್ರೆಡ್ಡಿಗೆ 2 ಎಂಬಿ ಕ್ಯಾಷ್ ಬೇಕು. ಎಲ್3 ಕ್ಯಾಷ್ 16 ಎಂಬಿ ಇದ್ದರೆ 8 ಥ್ರೆಡ್ ಸಾಕು.

• ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಅರ್ಧ ತಾಸು ಓಡಿಸಿ ನೋಡು. ಬಿಸಿ ಚೆನ್ನಾಗಿ ಇಳಿದರೆ ದೋಷ ಗಾಳಿಯ ಓಡಾಟದಲ್ಲಿದೆ: ಮುಂದಿನಿಂದ ತಣ್ಣನೆಯದು ಒಳಗೆ, ಹಿಂದೆ ಮೇಲಿನಿಂದ ಬಿಸಿಯದು ಹೊರಗೆ ಹೋಗುವಂತೆ ಫ್ಯಾನು ಕೂರಿಸು. ಇಳಿಯದಿದ್ದರೆ ದೋಷ ಕೂಲರಿನಲ್ಲೋ ಒಣಗಿದ ಪೇಸ್ಟಿನಲ್ಲೋ ಇದೆ. ಹಳೆಯ ಪೇಸ್ಟನ್ನು ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಒರೆಸಿ, ನಡುವೆ ಬಟಾಣಿಯಷ್ಟು ಹೊಸದು ಇಟ್ಟು ಸಮನಾಗಿ ಬಿಗಿ. ಪರೀಕ್ಷೆ ಮುಗಿದ ಮೇಲೆ ತಗಡನ್ನು ಮತ್ತೆ ಹಾಕು.

• ನಮ್ಮ ಊರಿನ ಧೂಳು ಒಂದೇ ತರಹದ್ದಲ್ಲ. ವಾಕಡ, ರಾವೇತದ ಕಡೆ ಕಟ್ಟಡಗಳ ಸಿಮೆಂಟು. ಭೋಸರಿ, ಕುದಳವಾಡಿಯ ವರ್ಕ್‌ಶಾಪುಗಳ ಪಕ್ಕ ಗ್ರೈಂಡಿಂಗ್‌ನ ಕಬ್ಬಿಣದ ಪುಡಿ. ಎರಡನೆಯದರಲ್ಲಿ ಕರೆಂಟು ಹರಿಯುತ್ತದೆ, ಬೋರ್ಡಿನ ಮೇಲೆ ಕೂತರೆ ಶಾರ್ಟ್ ಆದೀತು. ಪ್ಲಗ್ ಕಿತ್ತು ಬ್ಲೋವರ್ ಹಿಡಿ; ಫ್ಯಾನಿನ ರೆಕ್ಕೆ ಗಿರಗಿರ ತಿರುಗದಂತೆ ಬೆರಳಿನಿಂದ ತಡೆದುಕೋ. ನೀರಿನ ಏರ್‌ಕೂಲರನ್ನು ಕಂಪ್ಯೂಟರಿನತ್ತ ತಿರುಗಿಸಬೇಡ. ತೇವದಲ್ಲಿ ಧೂಳು ಅಂಟಾಗುತ್ತದೆ.

• ಲ್ಯಾಪ್‌ಟಾಪಿನಲ್ಲಿ ಬೇಡವೇ ಬೇಡ. ಬಿಸಿಯ ಪಕ್ಕದಲ್ಲೇ ಬ್ಯಾಟರಿ ಇರುತ್ತದೆ, ಅದು ಉಬ್ಬುತ್ತದೆ.

• ನೀನು ಎಷ್ಟೇ ಒಳ್ಳೆಯ ಕೂಲರ್ ಹಾಕಿದರೂ ಬಿಸಿ ಚಿಪ್ಪಿನಿಂದ ಕೋಣೆಗೆ ಬರುತ್ತದೆ, ಮಾಯವಾಗುವುದಿಲ್ಲ. ಸುಮ್ಮನೆ ಕೂತ ಮನುಷ್ಯ ಸುಮಾರು 100 ವ್ಯಾಟ್ ಬಿಸಿ ಬಿಡುತ್ತಾನೆ. 150 ವ್ಯಾಟ್ ಎಳೆಯುವ ಯಂತ್ರವೆಂದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇನ್ನೂ ಒಂದೂವರೆ ಆಳು ರಾತ್ರಿಯಿಡೀ ಇದ್ದಂತೆ. ಆ ಕೋಣೆಯಲ್ಲಿ ನಿನ್ನ ಅವ್ವ ಮಲಗುತ್ತಾಳೆ. ಏಪ್ರಿಲ್, ಮೇ ತಿಂಗಳಲ್ಲಿ ಯಂತ್ರ ಹಾಲಿಗೆ ಬರಲಿ, ಇಲ್ಲವೇ ಬಂದ್ ಇರಲಿ. ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

• ಬಿಲ್ಲನ್ನು ಸರಿಯಾಗಿ ಲೆಕ್ಕ ಹಾಕು. 150 ವ್ಯಾಟ್ ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108. ಮಹಾವಿತರಣದ ದರ 100 ಯೂನಿಟ್ ದಾಟಿದೊಡನೆ ಏರುತ್ತದೆ, 300 ದಾಟಿದರೆ ಮತ್ತೆ. ಮನೆಯ ಬಳಕೆಯ ಮೇಲೆ ಕೂರುವುದು ಮೈನಿಂಗು, ಆದ್ದರಿಂದ ಮೇಲಿನ ದರವನ್ನೇ ಅದಕ್ಕೆ ಹಿಡಿ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಮಾರಿದ ಲಾಭಕ್ಕೆ 30 ಶೇಕಡಾ ತೆರಿಗೆ ಇದೆ. ಮೈನಿಂಗಿನ ಯಂತ್ರಸೌಕರ್ಯಕ್ಕೆ ಹಾಕಿದ ಖರ್ಚನ್ನು ಅದರಲ್ಲಿ ಕಳೆಯಲು ಬರುವುದಿಲ್ಲ.

• ‘ಯಂತ್ರ ನಮ್ಮಲ್ಲಿರಲಿ, ಬಿಸಿಯ ಗೊಡವೆ ನಿಮಗೇಕೆ, ತಿಂಗಳ ಹಣ ಕೊಡುತ್ತೇವೆ’ ಅಂದವರನ್ನು ಬಾಗಿಲಲ್ಲೇ ನಿಲ್ಲಿಸು. ತಿಂಗಳಿಗೆ 10 ಶೇಕಡಾದಂತೆ 18 ತಿಂಗಳು ಕೊಡುತ್ತೇವೆ ಎಂದ ಗೇನ್‌ಬಿಟ್‌ಕಾಯಿನ್ ಪ್ರಕರಣದಲ್ಲಿ 2018ರಲ್ಲಿ ನಮ್ಮ ನಿಗಡಿ ಠಾಣೆಯಲ್ಲೂ ದೂರು ದಾಖಲಾಗಿತ್ತು.

• ಮೈನಿಂಗ್ ನಿಲ್ಲಿಸಿದ ಮೇಲೂ ಫ್ಯಾನು ಭೋರ್ಗರೆದರೆ ಟಾಸ್ಕ್ ಮ್ಯಾನೇಜರ್ ತೆರೆ. ಕದ್ದ ಸಾಫ್ಟ್‌ವೇರಿನ ಜೊತೆ ಬಂದು, ಬೇರೆಯವರ ಲಾಭಕ್ಕೆ ನಿನ್ನ ಪ್ರೊಸೆಸರ್ ದುಡಿಸುವ ಮೈನರುಗಳೂ ಇವೆ.

• ಎಕ್ಸ್‌ಟೆನ್ಶನ್ ಬೋರ್ಡ್ ಬೇಡ, ಗೋಡೆಯ ಸಾಕೆಟ್ಟಿಗೇ ಹಾಕು. ಒಂದು ತಾಸು ಓಡಿಸಿ, ಬಂದ್ ಮಾಡಿ, ಪ್ಲಗ್ ಕಿತ್ತು ಅದರ ಪ್ಲಾಸ್ಟಿಕ್ ಮುಟ್ಟಿ ನೋಡು. ಬಿಸಿಯಾಗಿದ್ದರೆ ಒಳಗಿನ ಹಿಡಿತ ಸಡಿಲವಾಗಿದೆ, ಇಲೆಕ್ಟ್ರಿಶಿಯನ್ನನ್ನು ಕರೆಸಿ ಸಾಕೆಟ್ ಬದಲಿಸು. ಗುರುವಾರ ಮೇಂಟೆನೆನ್ಸಿಗೆಂದು ಲೈಟು ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಶುರುವಾಗದಂತೆ ಬಯಾಸಿನಲ್ಲಿ ಕಟ್ಟಿಡು. ಮನೆಯಲ್ಲಿ ಯಾರಾದರೂ ಇದ್ದಾಗಲೇ ಕೈಯಿಂದ ಹಚ್ಚು.